ಇಂಜಿನ್ನೇ ಇಳಿಸ್ಬೇಕು ಅಂದಿದ್ರು, ಕೆಟ್ಟಿದ್ದು 3ನೇ ಇಂಜೆಕ್ಟರ್: ಶ್ರೀನಿವಾಸಪುರ ರೋಡಿನ ಗ್ಯಾರೇಜ್ ಬಗ್ಗೆ

ನಮ್ದು 2018ರ ಡೀಸೆಲ್ ಪಿಕಪ್ಪು, ಬಿಎಸ್4 (ಬಿಎಸ್6 ಹೊಗೆ ನಿಯಮಕ್ಕೆ ಮುಂಚಿನದು), ಕಾಮನ್ ರೇಲ್ ಇಂಜಿನ್ (ಸಿಲಿಂಡರಿಗೆ ಡೀಸೆಲ್ ಸಿಂಪಡಿಸೋ ಇಂಜೆಕ್ಟರುಗಳಿಗೆಲ್ಲ ಒಂದೇ ಹೈ ಪ್ರೆಷರ್ ಪೈಪಿಂದ ಡೀಸೆಲ್ ಹೋಗೋದು), 1 ಲಕ್ಷ 62 ಸಾವಿರ ಕಿಲೋಮೀಟರ್ ಓಡಿದೆ. ಶ್ರೀನಿವಾಸಪುರದ ಕಡೆ ತೋಟಗಳಿಂದ ಟೊಮ್ಯಾಟೊ ಹೇರ್ಕೊಂಡು ಕೋಲಾರ ಎಪಿಎಂಸಿಗೆ ಹಾಕೋದೇ ಕೆಲಸ. 15 ಕೆಜಿ ಬಾಕ್ಸು 100 ಇಟ್ರೆ ಒಂದೂವರೆ ಟನ್, ಅಷ್ಟು ಹೊತ್ಕೊಂಡು ಓಡಾಡಿದ್ರೂ ಒಂದು ದಿನ ದಾರೀಲಿ ನಿಂತಿರ್ಲಿಲ್ಲ. ಡಿಸೆಂಬರ್ ಚಳಿ ಶುರುವಾದ್ಮೇಲೆ ಬೆಳಗಿನ ಜಾವ ಸ್ಟಾರ್ಟ್ ಮಾಡಿದ ತಕ್ಷಣ ಟಕ್ ಟಕ್ ಟಕ್ ಅಂತ ಸಣ್ಣ ಸುತ್ತಿಗೇಲಿ ಕಬ್ಬಿಣಕ್ಕೆ ಹೊಡ್ದಂಗೆ ಸೌಂಡು, ಹಿಂದೆ ಸೈಲೆನ್ಸರಲ್ಲಿ ಬಿಳಿ ಹೊಗೆ, ಹತ್ರ ಹೋದ್ರೆ ಕಣ್ಣು ಉರಿಯುತ್ತೆ. ಗಾಡಿ ಬಿಸಿ ಆದ್ಮೇಲೆ ಬಿಳಿ ಹೊಗೆ ನಿಲ್ತಿತ್ತು, ಆದ್ರೆ ಲೋಡಲ್ಲಿ ಏರು ಹತ್ತುವಾಗ ಕಪ್ಪಗೆ ಉಗುಳ್ತಿತ್ತು, ಹಿಂದೆ ಬರೋ ಬೈಕಿನವ್ರು ಮುಖಕ್ಕೆ ಕರ್ಚೀಫ್ ಹಿಡ್ಕೊಳ್ಳೋರು.

ಮೊದ್ಲು ಒಂದು ದೊಡ್ಡ ವರ್ಕ್‌ಶಾಪಿಗೆ ಬಿಟ್ಟೆ, ಹೆಸರು ಬೇಡ. ಸ್ಕ್ಯಾನರ್ ಹಾಕಿದ್ರು, ಎರರ್ ಏನೂ ಬರ್ಲಿಲ್ಲ. ಎರಡು ಸಲ ಆಕ್ಸಿಲರೇಟರ್ ಒತ್ತಿ ಸೌಂಡ್ ಕೇಳಿ "ಬೋರ್ ಹೋಗಿದೆ ಸಾರ್, ಇಂಜಿನ್ ಇಳಿಸಿ ಕೆಲಸ ಮಾಡ್ಬೇಕು, 80 ಸಾವಿರದ ಮೇಲಾಗುತ್ತೆ" ಅಂದ್ಬಿಟ್ರು. ಬೋರ್ ಅಂದ್ರೆ ಪಿಸ್ಟನ್ ಓಡಾಡೋ ಸಿಲಿಂಡರು, ಅದು ಸವೆದಿದೆ ಅಂತ. ಹತ್ತು ನಿಮಿಷದ ಕಥೆ ಅಷ್ಟೆ. ಒಂದು ಮುಚ್ಚಳ ತೆಗೀಲಿಲ್ಲ, ಆಯಿಲ್ ಅಳೆಯೋ ಡಿಪ್‌ಸ್ಟಿಕ್ ಎಳೆದು ನೋಡ್ಲಿಲ್ಲ. ಆ ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ, ಗಾಡಿ ಲೋನೇ ಇನ್ನೂ ಆರು ಕಂತು ಇತ್ತು.

ಮಂಡಿ ಹತ್ರ ಇನ್ನೊಬ್ಬ ಡ್ರೈವರ್ ಅಣ್ಣ ಹೇಳಿದ್ರು, ಇಳಿಸೋ ಮುಂಚೆ ಶ್ರೀನಿವಾಸಪುರ ರೋಡಲ್ಲಿ ಹುಣಸೆ ಮರದ ಕೆಳಗಿನ ಶೆಡ್ಡಲ್ಲಿ ಒಂದ್ಸಲ ತೋರ್ಸು ಅಂತ. ಬೋರ್ಡ್ ಇಲ್ಲ, ತಗಡಿನ ಶೆಡ್ಡು, ಒಬ್ರು ವಯಸ್ಸಾದ ಮೇಸ್ತ್ರಿ, ಎಲ್ರೂ ಬಾಯ್ ಅಂತಾರೆ, ಇಬ್ರು ಹುಡುಗ್ರು. ನಾನು ಹೋದಾಗ ಇಂಜಿನ್ ಬಿಸಿ ಇತ್ತು, ಬಾಯ್ ಬಾನೆಟ್ಟೇ ತೆಗೀಲಿಲ್ಲ. "ಅಣ್ಣಾ, ಬಿಸಿ ಗಾಡಿ ಸುಳ್ಳು ಹೇಳುತ್ತೆ, ರಾತ್ರಿ ಇಲ್ಲೇ ಬಿಟ್ಟೋಗಿ, ಬೆಳಿಗ್ಗೆ ಆರಕ್ಕೆ ಬನ್ನಿ, ನಿಮ್ಮ ಮುಂದೇನೇ ಸ್ಟಾರ್ಟ್ ಮಾಡಾಣ" ಅಂದ್ರು. ಇವ್ರಿಗೆ ಕೆಲಸ ಗೊತ್ತು ಅಂತ ನಂಗೆ ಅಲ್ಲೇ ಅನ್ನಿಸ್ತು.

ಬೆಳಿಗ್ಗೆ ಮೊದ್ಲು ಹೀಟರ್ ಪ್ಲಗ್‌ಗಳನ್ನ ಮೀಟರಲ್ಲಿ ನೋಡಿದ್ರು, ಚಳೀಲಿ ಬಿಳಿ ಹೊಗೆ ಬರೋಕೆ ಅದೂ ಒಂದು ಕಾರಣ ಆಗ್ಬೋದು, ಆದ್ರೆ ನಾಲ್ಕೂ ಸರಿ ಇದ್ವು. ರೇಡಿಯೇಟರ್ ನೀರು ಹಿಂದಿನ ರಾತ್ರಿ ಗುರುತು ಮಾಡಿದ ಗೆರೇಲೇ ಇತ್ತು, ಹಾಗಾಗಿ ಆ ನೀರು ಸಿಲಿಂಡರೊಳಗೆ ಹೋಗ್ದಂಗೆ ತಡೆಯೋ ಹೆಡ್ ಗ್ಯಾಸ್ಕೆಟ್ ಮೇಲೆ ಡೌಟ್ ಕಮ್ಮಿ ಆಯ್ತು. ಕೂಲೆಂಟ್ (ರೇಡಿಯೇಟರ್ ನೀರು) ಸುಟ್ಟು ಬರೋ ಬಿಳಿ ಹೊಗೆ ಸಿಹಿ ಸಿಹಿ ವಾಸನೆ ಇರುತ್ತೆ, ಡೀಸೆಲ್ ಉರೀದೆ ಬರೋದು ಕಣ್ಣು ಉರಿಸುತ್ತೆ, ಇಂಜಿನ್ ಆಯಿಲ್ ಸುಡ್ತಿದ್ರೆ ಹೊಗೆ ನೀಲಿ ಇರುತ್ತೆ ಅಂತ ಬಾಯ್ ನಿಧಾನವಾಗಿ ಬಿಡಿಸಿ ಹೇಳಿದ್ರು. ಆಮೇಲೆ ಸ್ಟಾರ್ಟ್ ಮಾಡಿ, ಆಯಿಲ್ ಹಾಕೋ ಮುಚ್ಚಳ ತೆಗೆದು ಅದೇ ತೂತಿನ ಮೇಲೆ ಉಲ್ಟಾ ಇಟ್ರು. ಬೋರ್ ಹೋಗಿದ್ರೆ ಒಳಗಿನ ಗಾಳಿಗೆ ಮುಚ್ಚಳ ಹಾರಿ ಬೀಳುತ್ತಂತೆ, ನಮ್ದು ಸುಮ್ನೆ ಸ್ವಲ್ಪ ನಡುಗ್ತಿತ್ತು ಅಷ್ಟೆ.

ಮುಖ್ಯ ಪರೀಕ್ಷೆ ಆಮೇಲೆ. ಐಡಲಲ್ಲಿ ಓಡ್ತಿರೋವಾಗ ಇಂಜೆಕ್ಟರ್ ಕನೆಕ್ಟರ್‌ಗಳನ್ನ ಒಂದೊಂದಾಗಿ ಕಿತ್ತು ಮತ್ತೆ ಹಾಕ್ತಾ ಬಂದ್ರು, ಇನ್ನೊಂದು ಕೈಯಲ್ಲಿ ಉದ್ದ ಸ್ಕ್ರೂಡ್ರೈವರ್, ಅದರ ತುದಿ ಇಂಜಿನ್ ಮೇಲೆ, ಹಿಡಿ ಕಿವಿಗೆ. 1 ಕಿತ್ರು, ಇಂಜಿನ್ ಗಡಗಡ ನಡುಗ್ತು, ಸೌಂಡ್ ಹಂಗೇ ಇತ್ತು. 2ನೇದೂ ಅಷ್ಟೆ. 3 ಕಿತ್ತ ತಕ್ಷಣ ಆ ಟಕ್ ಟಕ್ ಪೂರ್ತಿ ನಿಂತೋಯ್ತು. ಬಾಯ್ ಮತ್ತೆ ಹಾಕಿದ್ರು, ಸೌಂಡ್ ಬಂತು, ಕಿತ್ರು, ಹೋಯ್ತು. ಮೂರು ಸಲ ಮಾಡಿ ನನ್ನ ಕಿವಿಗೂ ಸ್ಕ್ರೂಡ್ರೈವರ್ ಇಟ್ಟು ಕೇಳಿಸಿದ್ರು. ಕನೆಕ್ಟಿಂಗ್ ರಾಡ್ ಬೇರಿಂಗ್ ಹೋದ್ರೂ ಕಿತ್ತಾಗ ಸೌಂಡ್ ಕಮ್ಮಿ ಆಗುತ್ತಂತೆ, ಆದ್ರೆ ಆ ಹೊಡ್ತ ದಪ್ಪ, ಆಯಿಲ್ ಪ್ರೆಷರೂ ಇಳಿದಿರುತ್ತೆ, ಅದಕ್ಕೆ ಪ್ರೆಷರ್ ಗೇಜ್ ಕೂಡ ಹಾಕಿ ನೋಡಿದ್ರು, ಸರಿಯಾಗಿತ್ತು.

ಒಂದು ಮಾತು ಇಲ್ಲಿ ಹೇಳ್ಲೇಬೇಕು, ಹಳೇ ಪಂಪ್ ಇಂಜಿನ್ನಲ್ಲಿ ಪೈಪ್ ನಟ್ ಸಡಿಲ ಮಾಡಿ ಚೆಕ್ ಮಾಡ್ತಿದ್ರಲ್ಲ, ಕಾಮನ್ ರೇಲಲ್ಲಿ ಇಂಜಿನ್ ಓಡ್ತಿರೋವಾಗ ಅದನ್ನ ದಯವಿಟ್ಟು ಯಾರೂ ಮಾಡ್ಬೇಡಿ, ಒಳಗೆ ಸಾವಿರ ಬಾರ್ ಮೇಲೆ ಪ್ರೆಷರ್ ಬರುತ್ತೆ, ಆ ಡೀಸೆಲ್ ಚರ್ಮ ತೂರ್ಕೊಂಡು ಒಳಗೆ ಹೋಗುತ್ತೆ.

ಆಮೇಲೆ ನಾಲ್ಕು ಖಾಲಿ ನೀರಿನ ಬಾಟ್ಲಿ, ನಾಲ್ಕು ಟ್ಯೂಬ್ ಹಾಕಿ ರಿಟರ್ನ್ ನೋಡಿದ್ರು, ಅಂದ್ರೆ ಪ್ರತಿ ಇಂಜೆಕ್ಟರಿಂದ ವಾಪಸ್ ಬರೋ ಡೀಸೆಲ್ ಎಷ್ಟು ಅಂತ, ಸೋರೋದ್ರಿಂದ ಜಾಸ್ತಿ ಬರುತ್ತೆ. ಬೇರೆ ಮೂರೂ ಕಾಲು ಭಾಗ ತುಂಬೋ ಹೊತ್ತಿಗೆ 3ನೇ ಬಾಟ್ಲಿ ಅರ್ಧ ದಾಟಿತ್ತು. ಡಿಪ್‌ಸ್ಟಿಕ್ ಎಳೆದು ಮೂಗಿನ ಹತ್ರ ಹಿಡಿ ಅಂದ್ರು, ಡೀಸೆಲ್ ವಾಸನೆ ಘಮ್ ಅಂತ ಬಂತು, ಲೆವೆಲ್ಲು ಮ್ಯಾಕ್ಸಿಮಮ್ ಗೆರೆ ಮೇಲಿತ್ತು. ಆಯಿಲ್ ಕಮ್ಮಿ ಆಗ್ತಿಲ್ಲ ಅಂತ ನಾನು ಎರಡು ತಿಂಗಳಿಂದ ನೆಮ್ಮದಿಯಾಗಿದ್ದೆ, ಅಲ್ಲಿ ಸೇರ್ತಿದ್ದಿದ್ದು ಡೀಸೆಲ್ಲು. ಹಂಗೇ ಓಡಿಸಿದ್ರೆ ಬೇರಿಂಗು, ಪಿಸ್ಟನ್ನು ಎರಡೂ ಹೋಗಿರೋದು, ಆಗ ನಿಜವಾಗ್ಲೂ ಇಂಜಿನ್ ಇಳಿಸ್ಬೇಕಾಗ್ತಿತ್ತು.

ನಾಲ್ಕೂ ಇಂಜೆಕ್ಟರ್ ಬಿಚ್ಚಿ, ಯಾವುದು ಯಾವ ತೂತಿಂದು ಅಂತ ಟೇಪ್ ಅಂಟಿಸಿ ನಂಬರ್ ಬರೆದ್ರು, ಬಿಚ್ಚಿದಾಗ್ಲೇ ಕಂಪ್ರೆಷನ್ನೂ ನೋಡಿದ್ರು, ನಾಲ್ಕೂ ಹೆಚ್ಚುಕಮ್ಮಿ ಒಂದೇ ಥರ. ಟೆಸ್ಟ್ ಬೆಂಚ್ ಅವ್ರ ಹತ್ರ ಇಲ್ಲ, ನಾನೇ ಬಸ್ಸಲ್ಲಿ ಬೆಂಗಳೂರು ಜೆ.ಸಿ. ರೋಡಿಗೆ ತಗೊಂಡೋದೆ. ಅಲ್ಲಿ ಟೆಸ್ಟರಿಗೆ ಕಟ್ಟಿ ತೋರಿಸಿದ್ರು, ಮೂರು ಇಂಜೆಕ್ಟರ್ ಮಂಜಿನ ಥರ ಸಿಂಪಡಿಸ್ತಿದ್ವು, 3ನೇದರ ತುದೀಲಿ ಡೀಸೆಲ್ ಹನಿ ಕಟ್ಟಿ ತೊಟ್ ತೊಟ್ ಅಂತ ಬೀಳ್ತಿತ್ತು. ತಣ್ಣಗಿದ್ದಾಗ ಆ ಹನಿ ಉರೀದೆ ಬಿಳಿ ಹೊಗೆ, ಲೋಡಲ್ಲಿ ಜಾಸ್ತಿ ಆಗಿ ಕಪ್ಪು ಹೊಗೆ, ಒಟ್ಟಿಗೆ ಪಟ್ ಅಂತ ಹತ್ಕೊಂಡಾಗ ಆ ಸೌಂಡು. ಮೂರಕ್ಕೂ ಮೂಲ ಒಂದೇ.

ಯಾಕೆ ಹಿಂಗಾಯ್ತು ಅಂತ ಕೇಳಿದ್ದಕ್ಕೆ ಬಾಯ್ ಹಳೇ ಡೀಸೆಲ್ ಫಿಲ್ಟರ್ ಬಿಚ್ಚಿ ಗಾಜಿನ ಲೋಟಕ್ಕೆ ಸುರಿದ್ರು. ಐದು ನಿಮಿಷ ಬಿಟ್ಟು ನೋಡಿದ್ರೆ ತಳದಲ್ಲಿ ಒಂದು ಬೆರಳು ನೀರು, ಅದರಲ್ಲಿ ಕೆಂಪಗೆ ತುಕ್ಕು. ನಾವು ಟ್ರ್ಯಾಕ್ಟರಿಗೆ ಅಂತ ಡ್ರಮ್ಮಲ್ಲಿ ಇಟ್ಟ ಡೀಸೆಲ್ಲನ್ನೇ ಆಗಾಗ ಇದಕ್ಕೂ ಹಾಕ್ತಿದ್ವಿ. ಈಗ ಬಂಕಲ್ಲಿ ಮಾತ್ರ ಹಾಕ್ಸೋದು, ವಾರಕ್ಕೊಂದ್ಸಲ ಫಿಲ್ಟರ್ ಕೆಳಗಿನ ಡ್ರೈನ್ ಬಿಚ್ಚಿ ನೀರು ಬಿಡ್ತೀನಿ.

ಖರ್ಚು ಹೇಳ್ತೀನಿ. ಬೆಂಚ್ ಟೆಸ್ಟ್ 1,600, 3ನೇ ಇಂಜೆಕ್ಟರ್ ನಾಝಲ್ ವಾಲ್ವ್ ರಿಪೇರಿ 6,500, ಹೊಸ ತಾಮ್ರದ ವಾಷರ್ 200, ಇಂಜಿನ್ ಆಯಿಲ್ಲು ಅದರ ಫಿಲ್ಟರ್ ಸೇರಿ 3,200, ಡೀಸೆಲ್ ಫಿಲ್ಟರ್ 900, ಬಾಯ್ ಕೂಲಿ 1,800. ಒಟ್ಟು 14,200. ಆ ಕೂಲೀಲಿ ಎರಡು ಬೆಳಿಗ್ಗೆ ಕೂತು ಕಂಡುಹಿಡಿದಿದ್ದೂ ಸೇರಿದೆ, ಅದಕ್ಕೆ ಬೇರೆ ಕೇಳ್ಲಿಲ್ಲ. ನಾನೇ 500 ಜಾಸ್ತಿ ಕೊಟ್ಟೆ, ತಗೊಳ್ಳಲ್ಲ ಅಂದ್ರು, ಹುಡುಗ್ರಿಗೆ ಕೊಟ್ಟು ಬಂದೆ.

ಕಷ್ಟಗಳೂ ಇವೆ. ಮೂರು ದಿನ ಗಾಡಿ ನಿಂತ್ಕೊಳ್ತು, ಮೂರು ದಿನದ ಬಾಡಿಗೆ ಹೋಯ್ತು. ಫೋನ್ ಎತ್ತಲ್ಲ. ಬಿಲ್ಲು ಕೇಳಿದ್ರೆ ಪಟ್ಟಿ ಹಾಳೇಲಿ ಬರ್ಕೊಡ್ತಾರೆ. ಕೂರೋಕೆ ಜಾಗ ಇಲ್ಲ, ಮರದ ಕೆಳಗೆ ಹಳೇ ಟೈರು ಅಷ್ಟೆ. ಬಿಎಸ್6 ಗಾಡಿ ಇರೋರು ಮೊದ್ಲೇ ಕೇಳ್ಕೊಂಡು ಹೋಗಿ, ಅದರಲ್ಲಿ ಸೈಲೆನ್ಸರ್ ದಾರೀಲಿರೋ ಡಿಪಿಎಫ್ ಅನ್ನೋ ಫಿಲ್ಟರ್ ಹೊಗೆ ಮಸೀನ ತಡ್ದುಬಿಡುತ್ತೆ, ಬಣ್ಣ ನೋಡಿ ಹೇಳೋದು ಕಷ್ಟ, ಒಳ್ಳೇ ಸ್ಕ್ಯಾನರ್ ಬೇಕು, ಬಾಯ್ ಹತ್ರ ಇರೋದು ಸಣ್ಣದು.

ಹೋಗೋದಾದ್ರೆ ಸಂಜೆ ಹೋಗಿ ಗಾಡಿ ಬಿಟ್ಟು ಬನ್ನಿ, ದಾರೀಲಿ ಬಂದ ಬಿಸೀಲೇ ನೋಡಿ ಅಂತ ಒತ್ತಾಯ ಮಾಡ್ಬೇಡಿ. ಶುಕ್ರವಾರ ಮಧ್ಯಾಹ್ನ ಇರಲ್ಲ. ರಿಪೇರಿ ಆಗಿ ಐದು ವಾರ ಆಯ್ತು, ಇವತ್ತು ಬೆಳಗಿನ ಜಾವ ನಾಲ್ಕಕ್ಕೆ ಸ್ಟಾರ್ಟ್ ಮಾಡ್ದೆ, ಹಿಂದೆ ಹೋಗಿ ಟಾರ್ಚ್ ಹಾಕಿ ನೋಡ್ದೆ, ಹೊಗೆ ಕಾಣಿಸ್ಲಿಲ್ಲ.