ನೆಟ್ ಇಲ್ಲದ ಫೈರ್‌ವಾಲ್‌ಗೆ ಆಪ್ಟ್-ಆಫ್‌ಲೈನ್: ನಾಲ್ಕು ವರ್ಷ ಪೆನ್‌ಡ್ರೈವ್ ಹಿಡಿದು ಓಡಾಡಿದ ಮೇಲೆ

ನಾನು ನೋಡಿಕೊಳ್ಳುವ ಫೈರ್‌ವಾಲ್ (ಜಾಲಗಳ ನಡುವಿನ ಕಾವಲು ಯಂತ್ರ) ಡೆಬಿಯನ್ ಎಂಬ ಲಿನಕ್ಸ್ ಹಾಕಿದ ಒಂದು ಸಾಧಾರಣ ಯಂತ್ರ. ಯಾವ ಟ್ರಾಫಿಕ್ ಬಿಡಬೇಕು, ಯಾವುದು ಬೇಡ ಎಂಬ ನಿಯಮಗಳಿಗೆ ಎನ್‌ಎಫ್‌ಟೇಬಲ್ಸ್, ಅನುಮಾನದ ಟ್ರಾಫಿಕ್ ಮೇಲೆ ಕಣ್ಣಿಡಲು ಸುರಿಕಾಟಾ. ಎರಡು ಒಳ ಜಾಲಗಳ ನಡುವೆ ಕೂತಿದೆ; ಎರಡೂ ಕಡೆ ಇಂಟರ್‌ನೆಟ್ ಇಲ್ಲ, ಮುಂದೆ ಬರುವುದೂ ಇಲ್ಲ. “ನೆಟ್ಟೇ ಇಲ್ಲದ ಮೇಲೆ ಅಪ್‌ಡೇಟ್ ಯಾಕ್ರೀ?” ಎಂದು ಕೇಳುವವರು ಈಗಲೂ ಇದ್ದಾರೆ. ಯಾರೋ ಹೊರಗಿನಿಂದ ತಂದ ಲ್ಯಾಪ್‌ಟಾಪನ್ನು ಸ್ವಿಚ್‌ಗೆ ಚುಚ್ಚಿದ ದಿನ ಸುರಿಕಾಟಾ ಲಾಗ್ ಹೇಗೆ ತುಂಬಿತೆಂದು ನೋಡಿದ್ದೇನೆ. ಆಮೇಲಿಂದ ಆ ವಾದಕ್ಕೆ ಇಳಿಯುವುದನ್ನೇ ಬಿಟ್ಟಿದ್ದೇನೆ.

ಮೊದಮೊದಲು ಡೆಬ್ ಫೈಲ್‌ಗಳನ್ನು (ಡೆಬಿಯನ್‌ನ ಪ್ಯಾಕೇಜ್‌ಗಳನ್ನು) ಒಂದೊಂದಾಗಿ ಇಳಿಸಿಕೊಂಡು ಹೋಗುತ್ತಿದ್ದೆ. ಒಂದು ಪ್ಯಾಕೇಜ್ ಹಾಕಲು ಹೋದರೆ ಅದು ಇನ್ನೊಂದು ಲೈಬ್ರರಿ ಕೇಳುತ್ತದೆ, ಆ ಲೈಬ್ರರಿ ಮತ್ತೊಂದನ್ನು. ಮೂರನೇ ಸಲ ವಾಪಸ್ ನಡೆದು ಬಂದಾಗ ಬೇಸತ್ತು ಆಪ್ಟ್-ಆಫ್‌ಲೈನ್ ಹಿಡಿದೆ. ಡೆಬಿಯನ್‌ನಲ್ಲಿ ಪ್ಯಾಕೇಜ್ ತರಿಸಿ ಹಾಕುವ ಆಪ್ಟ್‌ಗೆ, ನೆಟ್ ಇಲ್ಲದ ಯಂತ್ರದಲ್ಲೂ ಸಾಮಾನು ಒದಗಿಸುವ ಉಪಕರಣ ಇದು.

ಕೆಲಸ ಮೂರು ಹೆಜ್ಜೆಯದು. ಫೈರ್‌ವಾಲ್‌ನಲ್ಲಿ ‘ಸೆಟ್’ ಕೊಟ್ಟರೆ ಏನೇನು ಬೇಕೆಂಬ ಚೀಟಿ ಸಿಗುತ್ತದೆ. ಬರೀ ಪಠ್ಯದ ಫೈಲ್, ಸಾಲಿಗೊಂದು ವಿಳಾಸ, ಫೈಲಿನ ಹೆಸರು, ಗಾತ್ರ, ಚೆಕ್‌ಸಮ್ (ಫೈಲ್ ಹಾಳಾಗಿಲ್ಲವೆಂದು ತಾಳೆ ನೋಡುವ ಸಂಖ್ಯೆ). ಅದನ್ನು ನೆಟ್ ಇರುವ ಯಂತ್ರಕ್ಕೆ ಒಯ್ದು ‘ಗೆಟ್’ ಕೊಟ್ಟರೆ ಎಲ್ಲವನ್ನೂ ಇಳಿಸಿ ಜಿಪ್ ಮಾಡಿ ಕೊಡುತ್ತದೆ. ಪೈಥಾನ್‌ನಲ್ಲಿ ಬರೆದದ್ದಾದ್ದರಿಂದ ಆ ಯಂತ್ರ ವಿಂಡೋಸ್ ಆಗಿದ್ದರೂ ನಡೆಯುತ್ತದೆ. ಕೊನೆಗೆ ಫೈರ್‌ವಾಲ್‌ಗೆ ಮರಳಿ ‘ಇನ್‌ಸ್ಟಾಲ್’. ಈ ಹೆಸರು ಮಾತ್ರ ಮೋಸ: ಅದು ಏನನ್ನೂ ಇನ್‌ಸ್ಟಾಲ್ ಮಾಡುವುದಿಲ್ಲ, ಪ್ಯಾಕೇಜ್‌ಗಳನ್ನು ಆಪ್ಟ್‌ನ ಕ್ಯಾಶ್‌ನಲ್ಲಿ ಇಟ್ಟು ಸುಮ್ಮನಾಗುತ್ತದೆ. ಆಮೇಲೆ ಎಂದಿನ ಆಪ್ಟ್ ಅಪ್‌ಗ್ರೇಡ್ ನಾವೇ ಕೊಡಬೇಕು. ಮೊದಲ ತಿಂಗಳು ‘ಇನ್‌ಸ್ಟಾಲ್’ ಮುಗಿಸಿ, ಅಪ್‌ಡೇಟ್ ಆಯಿತೆಂದು ರಿಜಿಸ್ಟರಿನಲ್ಲಿ ಬರೆದು ಮನೆಗೆ ಹೋದವನು ನಾನೇ.

ಓಡಾಟ ಒಂದಲ್ಲ, ಎರಡು. ಏನೇನು ಅಪ್‌ಗ್ರೇಡ್ ಆಗಬೇಕೆಂದು ಫೈರ್‌ವಾಲ್ ಲೆಕ್ಕ ಹಾಕುವುದು ತನ್ನ ಬಳಿಯ ಪಟ್ಟಿಯಿಂದ. ಆ ಪಟ್ಟಿಯೇ ಹಳೆಯದು. ಹಾಗಾಗಿ ಮೊದಲ ಸುತ್ತು ಪಟ್ಟಿಗಾಗಿ, ಎರಡನೆಯದು ಪ್ಯಾಕೇಜ್‌ಗಳಿಗಾಗಿ. ಎರಡರ ನಡುವೆ ಹತ್ತು ಹದಿನೈದು ದಿನ ಬಿಟ್ಟಿರೋ, ಚೀಟಿಯಲ್ಲಿದ್ದ ಆವೃತ್ತಿ ಅಷ್ಟರಲ್ಲಿ ಸರ್ವರ್‌ನಿಂದ ಮಾಯವಾಗಿ 404 (ಫೈಲ್ ಸಿಗಲಿಲ್ಲ ಎಂಬ ದೋಷ) ಬರುವ ಸಂಭವ ಇದೆ. ನಾನೀಗ ಎರಡೂ ಸುತ್ತನ್ನು ಒಂದೇ ದಿನ ಮುಗಿಸುತ್ತೇನೆ, ಬೆಳಿಗ್ಗೆ ಒಂದು, ಊಟದ ನಂತರ ಒಂದು.

ಅತಿ ಹೆಚ್ಚು ಕಾಡಿದ್ದು ಗಡಿಯಾರ. ಒಂದು ಸಲ ಪಟ್ಟಿ ತಂದು ಹಾಕಿದರೆ ಸಹಿ ಪರಿಶೀಲನೆಯಲ್ಲೇ ನಿಂತಿತು. ಪೆನ್‌ಡ್ರೈವ್ ಕೆಟ್ಟಿರಬೇಕು ಅಂದುಕೊಂಡೆ, ಬೇರೆ ತಂದೆ; ಜಿಪ್ ಮತ್ತೆ ಇಳಿಸಿದೆ; ಚೆಕ್‌ಸಮ್ ಮೂರು ಸಲ ಹೋಲಿಸಿದೆ. ಎಲ್ಲ ಸರಿ. ಕೊನೆಗೆ ಸಹಿ ಪರಿಶೀಲಿಸುವ ಜಿಪಿಜಿ ಕೊಟ್ಟ ಸಂದೇಶವನ್ನು ಪೂರ್ತಿ ಓದಿದೆ, ಮೊದಲೇ ಓದಬೇಕಿತ್ತು: ಕೀಲಿ ಹುಟ್ಟಿದ್ದು ಭವಿಷ್ಯದಲ್ಲಿ, ಗಡಿಯಾರ ನೋಡಿಕೊಳ್ಳಿ ಎಂದಿತ್ತು. ‘ಡೇಟ್’ ಕೊಟ್ಟರೆ 2010! ಮದರ್‌ಬೋರ್ಡಿನ ಸಿಆರ್2032 ಬಟನ್ ಸೆಲ್ ಸತ್ತು, ಹಿಂದಿನ ವಾರ ಕರೆಂಟ್ ಹೋದಾಗಲೇ ದಿನಾಂಕ ಹಿಂದಕ್ಕೆ ಬಿದ್ದಿತ್ತು. ನೆಟ್ ಇದ್ದಿದ್ದರೆ ಅಲ್ಲಿಂದ ಸಮಯ ತರುವ ಎನ್‌ಟಿಪಿ ತಾನೇ ಸರಿಮಾಡುತ್ತಿತ್ತು, ನನಗೆ ಗೊತ್ತೂ ಆಗುತ್ತಿರಲಿಲ್ಲ. ಈಗ ಚೀಟಿ ಮಾಡುವ ಮುನ್ನ ಕೈಗಡಿಯಾರ ನೋಡಿ ದಿನಾಂಕ ತಾಳೆ ಹಾಕುವುದೇ ಮೊದಲ ಕೆಲಸ.

ಇನ್ನೊಂದು ಎಡವಟ್ಟು ಡೆಬಿಯನ್ 11ರಿಂದ 12ಕ್ಕೆ ಏರುವಾಗ ಆದದ್ದು. ಅದರಲ್ಲಿ ಉಪಕರಣದ ತಪ್ಪೇನೂ ಇಲ್ಲ. ಎನ್‌ಎಫ್‌ಟೇಬಲ್ಸ್ ಸಂರಚನಾ ಫೈಲ್ ಹೊಸದು ಬೇಕೋ ಹಳೆಯದೇ ಇರಲೋ ಎಂದು, ಆಪ್ಟ್ ಪರವಾಗಿ ಪ್ಯಾಕೇಜ್ ಹಾಕುವ ಡಿಪಿಕೆಜಿ ಕೇಳಿತು. ಸುಮ್ಮನೆ ಎಂಟರ್ ಒತ್ತಿದ್ದರೆ ನಮ್ಮದೇ ಉಳಿಯುತ್ತಿತ್ತು, ನನ್ನ ಬೆರಳು ‘ವೈ’ ಮೇಲೆ ಬಿತ್ತು. ಡೆಬಿಯನ್ ಕೊಡುವ ಮೂಲ ಫೈಲಿನಲ್ಲಿ ಚೈನ್‌ಗಳಷ್ಟೇ (ನಿಯಮ ಇಡುವ ಖಾಲಿ ಪಟ್ಟಿಗಳು) ಇವೆ, ನಿಯಮ ಒಂದೂ ಇಲ್ಲ, ಎಲ್ಲಕ್ಕೂ ಒಪ್ಪಿಗೆ. ರೀಬೂಟ್ ಆದ ಮೇಲೆ ಒಂದು ದೋಷಸಂದೇಶವೂ ಇಲ್ಲದೆ ಫೈರ್‌ವಾಲ್ ಬಾಗಿಲು ತೆರೆದುಕೊಂಡು ನಿಂತಿತ್ತು. ‘ಎನ್‌ಎಫ್‌ಟಿ ಲಿಸ್ಟ್ ರೂಲ್‌ಸೆಟ್’ ಹತ್ತು ಹದಿನೈದು ಗೆರೆಯಲ್ಲೇ ಮುಗಿದಾಗ ಎದೆ ಧಸಕ್ಕೆಂದಿತು. ಪುಣ್ಯಕ್ಕೆ ಡಿಪಿಕೆಜಿ ಹಳೆಯದನ್ನು ‘.ಡಿಪಿಕೆಜಿ-ಓಲ್ಡ್’ ಬಾಲ ಹಚ್ಚಿ ಪಕ್ಕದಲ್ಲೇ ಇಟ್ಟಿರುತ್ತದೆ. ಅಂದಿನಿಂದ ಅಪ್‌ಗ್ರೇಡ್‌ಗೆ ಮುಂಚೆ ಒಂದು, ನಂತರ ಒಂದು ರೂಲ್‌ಸೆಟ್ ಪ್ರತಿ ತೆಗೆದು ‘ಡಿಫ್’ನಿಂದ ಹೋಲಿಸದೆ ಕುರ್ಚಿ ಬಿಡುವುದಿಲ್ಲ.

ಸುರಿಕಾಟಾ ವಿಷಯದಲ್ಲಿ ಆಪ್ಟ್-ಆಫ್‌ಲೈನ್ ಅರ್ಧ ದಾರಿಯ ಸಂಗಾತಿ. ಪ್ರೋಗ್ರಾಂ ಬರುತ್ತದೆ, ದಿನದಿನವೂ ಬದಲಾಗುವ ಪತ್ತೆ ನಿಯಮಗಳು ಬರುವುದಿಲ್ಲ. ಅವು ಡೆಬಿಯನ್ ಪ್ಯಾಕೇಜ್‌ಗಳೇ ಅಲ್ಲ. ಅವುಗಳ ಕಟ್ಟನ್ನು ಬೇರೆಯಾಗಿ ಇಳಿಸಿ, ಸುರಿಕಾಟಾ-ಅಪ್‌ಡೇಟ್‌ಗೆ ಸ್ಥಳೀಯ ಫೈಲಿನ ದಾರಿ ತೋರಿಸಬೇಕು. ಪೆನ್‌ಡ್ರೈವ್ ಫ್ಯಾಟ್32 ಆಗಿದ್ದರೆ ಒಂದು ಫೈಲಿಗೆ 4 ಜಿಬಿಯ ಮಿತಿ ಎಂಬುದು ನೆನಪಿರಲಿ. ತಿಂಗಳ ಅಪ್‌ಡೇಟ್‌ಗೆ ಅದು ಅಡ್ಡಬಂದಿಲ್ಲ.

ಇಡೀ ರೆಪೊವನ್ನೇ (ಪ್ಯಾಕೇಜ್ ಭಂಡಾರವನ್ನೇ) ಹಾರ್ಡ್‌ಡಿಸ್ಕಿಗೆ ತುಂಬಿಕೊಂಡು ಹೋಗುವ ಸ್ಥಳೀಯ ಮಿರರ್ ಕೂಡ ನಡುವೆ ಪ್ರಯತ್ನಿಸಿದೆ. ಭದ್ರತಾ ರೆಪೊದ ರಿಲೀಸ್ ಫೈಲಿಗೆ ಅವಧಿ ಇರುತ್ತದೆ. ಡಿಸ್ಕ್ ಮೇಜಿನ ಮೇಲೆ ಎರಡು ವಾರ ಕೂತಿತ್ತು, ಆಪ್ಟ್ ಅವಧಿ ಮುಗಿದಿದೆ ಎಂದು ತಿರಸ್ಕರಿಸಿತು. ಆ ಪರೀಕ್ಷೆಯನ್ನು ಆಫ್ ಮಾಡಬಹುದು, ಆದರೆ ಫೈರ್‌ವಾಲ್ ಮೇಲೆ ಹಾಗೆ ಮಾಡಲು ನನಗೆ ಮನಸ್ಸು ಬರಲಿಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದ ಒಂದು ಆ ‘ಇನ್‌ಸ್ಟಾಲ್’ ಎಂಬ ಹೆಸರಿಗೆ. ಒಂದೆರಡು ಯಂತ್ರ ಇರುವವರು ಕಣ್ಣುಮುಚ್ಚಿ ಹಿಡಿಯಬಹುದು. ಹತ್ತು ಫೈರ್‌ವಾಲ್ ಇದ್ದರೆ ಮಿರರ್‌ನ ತಾಪತ್ರಯವೇ ವಾಸಿ, ಇಲ್ಲವಾದರೆ ಚೀಟಿ ಯಾವುದು ಯಾವ ಯಂತ್ರದ್ದು ಎಂದು ಹುಡುಕುತ್ತಾ ಕೂರಬೇಕಾಗುತ್ತದೆ.