ಡೀಸೆಲ್ ಫಿಲ್ಟರ್ ಡೂಪ್ಲಿಕೇಟ್ ಬರುತ್ತಿದೆ, ಪಿಕಪ್ ಇರುವವರು ನೋಡಿ ತಗೊಳ್ಳಿ

ಪಿಕಪ್ ಇಟ್ಟುಕೊಂಡು ಡೀಸೆಲ್ ಫಿಲ್ಟರನ್ನು ಮನೆ ಮುಂದೆಯೇ ಬದಲಾಯಿಸಿಕೊಳ್ಳುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಫಿಲ್ಟರ್ ಹಾಕುವುದು ಕಷ್ಟದ ಕೆಲಸವೇನಲ್ಲ. ಆದರೆ ಅಂಗಡಿಯವನು ಕೈಗೆ ಕೊಟ್ಟ ಡಬ್ಬಿಯೇ ಖೋಟಾ ಆಗಿದ್ದರೆ ಎಷ್ಟು ನೀಟಾಗಿ ಹಾಕಿದರೂ ಇಂಜೆಕ್ಟರ್ (ಇಂಜಿನ್ ಒಳಗೆ ಡೀಸೆಲ್ ಸಿಂಪಡಿಸುವ ಭಾಗ) ಉಳಿಯುವುದಿಲ್ಲ. ನಮ್ಮದು ಹೋಯಿತು.

ನಮ್ಮದು ಬಿಎಸ್6 ಪಿಕಪ್, ಟೊಮೆಟೊ ಸೀಸನ್ ಬಂದರೆ ಕೋಲಾರದ ಮಂಡಿಗೆ ಬಿಡುವಿಲ್ಲದೆ ಓಡುತ್ತದೆ. ಸೀಸನ್‌ಗೆ ಮುಂಚೆ ಫಿಲ್ಟರ್ ಬದಲಾಯಿಸೋಣ ಅಂತ ಬಿಡಿಭಾಗದ ಅಂಗಡಿಯಿಂದ ತಂದೆವು. ಕಂಪನಿ ಬಾಕ್ಸ್, ಸೀಲ್, ಪಾರ್ಟ್ ನಂಬರ್ ಎಲ್ಲ ಸರಿಯಾಗಿತ್ತು. ಬೆಲೆಯೂ ಎಂಆರ್‌ಪಿಗಿಂತ ಸ್ವಲ್ಪವೇ ಕಮ್ಮಿ, ಹಾಗಾಗಿ ಅನುಮಾನ ಬರುವ ಮಾತೇ ಇಲ್ಲ. ನಾನು ಮತ್ತು ತಮ್ಮ ಸೇರಿ ಹಾಕಿದೆವು. ರಬ್ಬರ್ ರಿಂಗಿಗೆ ಡೀಸೆಲ್ ಸವರಿ, ಕೈಯಲ್ಲೇ ಬಿಗಿ ಮಾಡಿ, ನೀರಿನ ಸೆನ್ಸರನ್ನು ಹಳೆಯದರಿಂದ ಬಿಚ್ಚಿ ಹೊಸದಕ್ಕೆ ಕೂರಿಸಿ, ಡೀಸೆಲ್ ಲೈನಿನ ಗಾಳಿ ತೆಗೆಯುವ ಹ್ಯಾಂಡ್ ಪಂಪ್ ಗಟ್ಟಿಯಾಗುವವರೆಗೂ ಒತ್ತಿದೆವು. ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಯಿತು.

ಕೆಲವು ವಾರ ಕಳೆದ ಮೇಲೆ ಬೆಳಿಗ್ಗೆ ಹೊತ್ತು ಸ್ಟಾರ್ಟಿಂಗ್ ಎಳೆಯೋಕೆ ಶುರು. ಆಮೇಲೆ ಐಡ್ಲಿಂಗ್‌ನಲ್ಲಿ ಟಕ್ ಟಕ್ ಸದ್ದು. ಒಂದು ರಾತ್ರಿ ಲೋಡ್ ಹಾಕಿಕೊಂಡು ಹೋಗುವಾಗ ಏರಿನಲ್ಲಿ ಇಂಜಿನ್ ಲೈಟ್ ಹತ್ತಿ, ಗಾಡಿ ಎಳೆಯಲೇ ಇಲ್ಲ, ಕೊನೆಗೆ ಆಫ್ ಆಗಿ ನಿಂತುಬಿಟ್ಟಿತು. ಬೇರೆ ಗಾಡಿ ಕರೆಸಿ ಕ್ರೇಟ್ ಬದಲಾಯಿಸಿ ಮಂಡಿ ಮುಟ್ಟುವಷ್ಟರಲ್ಲಿ ಹರಾಜು ಮುಗಿಯುತ್ತಾ ಬಂದಿತ್ತು. ಮಂಡಿಯಲ್ಲಿ ತಡವಾಗಿ ಬಂದ ಹಣ್ಣಿಗೆ ಏನು ರೇಟು ಸಿಗುತ್ತದೆ ಅಂತ ಟೊಮೆಟೊ ಬೆಳೆಯುವವರಿಗೆ ಗೊತ್ತೇ ಇದೆ.

ಡೀಸೆಲ್ ಪಂಪ್ ರಿಪೇರಿ ಮಾಡುವವರ ಹತ್ತಿರ ರಿಟರ್ನ್ ಟೆಸ್ಟ್ ಮಾಡಿಸಿದೆವು. ನಾಲ್ಕೂ ಇಂಜೆಕ್ಟರಿನ ರಿಟರ್ನ್ ಪೈಪಿಗೆ ಒಂದೊಂದು ಸಣ್ಣ ಬಾಟಲಿ ಹಾಕಿ ಇಂಜಿನ್ ತಿರುಗಿಸುತ್ತಾರೆ. ಎರಡು ಬಾಟಲಿಯಲ್ಲಿ ತಳ ಮಾತ್ರ ಒದ್ದೆ, ಇನ್ನೆರಡು ನೋಡನೋಡುತ್ತಲೇ ಅರ್ಧ ತುಂಬಿದವು. ಒಳಗೆ ಸವೆದು ಡೀಸೆಲ್ ವಾಪಸ್ ಸೋರುತ್ತಿದೆ ಅಂತ ಅರ್ಥ. ಎರಡು ಇಂಜೆಕ್ಟರ್, ಟ್ಯಾಂಕ್ ಮತ್ತು ರೈಲ್ (ಎಲ್ಲ ಇಂಜೆಕ್ಟರಿಗೂ ಡೀಸೆಲ್ ಹಂಚುವ ಪೈಪ್) ಕ್ಲೀನಿಂಗ್ ಎಲ್ಲ ಸೇರಿ ಬಿಲ್ 40 ಸಾವಿರ ದಾಟಿತು.

ಅಲ್ಲೇ ಆ ಫಿಲ್ಟರನ್ನು ಹ್ಯಾಕ್ಸಾ ಬ್ಲೇಡಿನಲ್ಲಿ ಕೊಯ್ದು ನೋಡಿದೆವು. ಒಳಗಿನ ಪೇಪರ್ ಮಡಿಕೆಗಳು ವಿರಳ, ಒಂದು ಬೆರಳು ತೂರುವಷ್ಟು ಸಂದು. ಕೆಳಗಿನ ಅಂಚಿನಲ್ಲಿ ಅಂಟು ಅರ್ಧ ಸುತ್ತಿಗೆ ಮಾತ್ರ ಇತ್ತು, ಉಳಿದ ಕಡೆ ಪೇಪರ್ ಎದ್ದು ನಿಂತಿತ್ತು. ಅಂದರೆ ಡೀಸೆಲ್ ಸೋಸದೇ ಪಕ್ಕದಿಂದ ನುಗ್ಗುತ್ತಿತ್ತು. ಒರಿಜಿನಲ್ ಫಿಲ್ಟರಿನ ಪೇಪರ್ ನೀರನ್ನೂ ತಡೆಯುತ್ತದೆ, ನೀರು ಡೀಸೆಲ್‌ಗಿಂತ ಭಾರ, ತಳಕ್ಕೆ ಇಳಿದು ನಿಂತಾಗ ಸೆನ್ಸರ್ ಲೈಟ್ ಹತ್ತಿಸುತ್ತದೆ. ಇದರಲ್ಲಿ ನೀರು ಬೇರೆಯಾಗದೆ ಡೀಸೆಲ್ ಜೊತೆಗೇ ಮುಂದೆ ಹೋಗಿದೆ. ಅದಕ್ಕೇ ಡ್ಯಾಶ್‌ಬೋರ್ಡಿನಲ್ಲಿ ನೀರಿನ ಲೈಟ್ ಒಮ್ಮೆಯೂ ಹತ್ತಲಿಲ್ಲ. ಲೈಟ್ ಬಂದಿಲ್ಲ ಅಂತ ನೆಮ್ಮದಿಯಾಗಿ ಇರಬೇಡಿ. ಪಂಪಿಗೂ ಇಂಜೆಕ್ಟರಿಗೂ ಡೀಸೆಲ್ಲೇ ಎಣ್ಣೆ, ಅದರಲ್ಲಿ ನೀರು ಮತ್ತು ದೂಳು ಸೇರಿದರೆ ಸವೆಯದೆ ಇನ್ನೇನಾಗುತ್ತದೆ?

ಬಾಕ್ಸ್ ನಂಬಬೇಡಿ, ಬೆಲೆಯನ್ನೂ ನಂಬಬೇಡಿ. ಬಾಕ್ಸ್ ಮೇಲೆ ಕ್ಯೂಆರ್ ಇದ್ದರೆ ಅಂಗಡಿಯಲ್ಲೇ ಸ್ಕ್ಯಾನ್ ಮಾಡಿ. ಹಳೆ ಒರಿಜಿನಲ್ ಫಿಲ್ಟರ್ ತಗೊಂಡು ಹೋಗಿ ಪಕ್ಕದಲ್ಲಿಟ್ಟು ಥ್ರೆಡ್, ರಿಂಗ್, ಅಕ್ಷರ ಎಲ್ಲ ಹೋಲಿಸಿ. ಜಿಎಸ್‌ಟಿ ಬಿಲ್ ಬೇಕೇ ಬೇಕು ಅನ್ನಿ. ಬಿಲ್ ಕೇಳಿದಾಗ ನಮಗೆ ಸಿಕ್ಕಿದ್ದು ಎಸ್ಟಿಮೇಟ್ ಚೀಟಿ, ಆಮೇಲೆ ಕೇಳಲು ಹೋದರೆ ‘ಇದು ನಮ್ಮ ಅಂಗಡೀದೇ ಅಲ್ಲ’ ಅಂದುಬಿಟ್ಟರು. ಹೊಟ್ಟೆ ಉರಿಯುತ್ತದೆ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು, ಆದರೆ ಕೈಯಲ್ಲಿ ಬಿಲ್ ಇದ್ದರೆ ಮಾತ್ರ ನಿಮ್ಮ ಮಾತಿಗೆ ಬಲ.

ಇನ್ನೊಂದು ವಿಷಯ, ಇದು ಜೀವದ ಪ್ರಶ್ನೆ. ಗಾಡಿ ನಿಂತ ರಾತ್ರಿ ಸಹಾಯಕ್ಕೆ ಬಂದ ಹಿರಿಯ ಲಾರಿ ಡ್ರೈವರ್ ಒಬ್ಬರು ‘ಏರ್ ಹಿಡಿದಿದೆ ಕಣಪ್ಪ, ಇಂಜೆಕ್ಟರ್ ಪೈಪಿನ ನಟ್ ಲೂಸ್ ಮಾಡಿ ಸೆಲ್ಫ್ ಹೊಡಿ’ ಅಂದರು. ಒಳ್ಳೆ ಮನಸ್ಸಿನಿಂದಲೇ ಹೇಳಿದ್ದು, ಹಳೆ ಇಂಜಿನ್‌ಗಳಲ್ಲಿ ಹಾಗೇ ಮಾಡುತ್ತಿದ್ದರು. ತಮ್ಮ ‘ಬೇಡಣ್ಣ, ಇದು ಕಾಮನ್ ರೈಲು’ ಅಂತ ಸ್ಪ್ಯಾನರ್ ಇಸ್ಕೊಂಡ. ಕಾಮನ್ ರೈಲು ಅಂದರೆ ಒಂದೇ ರೈಲ್ ಪೈಪಿನಿಂದ ಎಲ್ಲ ಇಂಜೆಕ್ಟರಿಗೂ ಭಾರಿ ಒತ್ತಡದಲ್ಲಿ ಡೀಸೆಲ್ ಹೋಗುವ ಇಂಜಿನ್. ಲೋಡ್ ಗಾಡಿಯ ಟೈರಿನಲ್ಲಿ ಇರುವುದು ಸುಮಾರು 5 ಬಾರ್ ಗಾಳಿ, ಈ ಪೈಪುಗಳಲ್ಲಿ ಡೀಸೆಲ್ 1600 ಬಾರ್‌ವರೆಗೂ, ಕೆಲವು ಇಂಜಿನ್‌ಗಳಲ್ಲಿ ಅದಕ್ಕೂ ಜಾಸ್ತಿ ಒತ್ತಡದಲ್ಲಿ ಇರುತ್ತದೆ. ಸೂಜಿಯಷ್ಟು ಸೋರಿದರೂ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸಣ್ಣ ಚುಕ್ಕೆ ಮಾತ್ರ ಕಾಣಬಹುದು, ಒಳಗೆ ಮಾಂಸ ಕೊಳೆತು ಬೆರಳನ್ನೇ ತೆಗೆಯಬೇಕಾಗಿ ಬರಬಹುದು. ಹಾಗೇನಾದರೂ ಆದರೆ ನೋವಿಲ್ಲ ಅಂತ ಸುಮ್ನೆ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ ‘ಡೀಸೆಲ್ ಒಳಗೆ ಹೋಗಿದೆ’ ಅಂತ ಹೇಳಿ. ಏರ್ ತೆಗೆಯಲು ಹ್ಯಾಂಡ್ ಪಂಪ್ ಸಾಕು. ಅದರಿಂದ ಆಗದಿದ್ದರೆ ಮೆಕ್ಯಾನಿಕ್ ಕರೆಸಿ, ಸೆಲ್ಫ್ ಹೊಡೆಯುತ್ತಲೇ ಇರಬೇಡಿ, ಡೀಸೆಲ್ ಇಲ್ಲದೆ ತಿರುಗಿದರೆ ಪಂಪೂ ಹೋಗುತ್ತದೆ.

ಕೊಯ್ದ ಫಿಲ್ಟರನ್ನು ಇಟ್ಟುಕೊಂಡಿದ್ದೇನೆ. ಹೋಲಿಸಿ ನೋಡಲು ಫೋಟೊ ಬೇಕಿದ್ದವರು ಕೇಳಿ, ಕಳಿಸುತ್ತೇನೆ.