ಸಾರಿಯಾದಿಂದ ಸಾಂತಿಯಾಗೊವರೆಗೆ: ನಡಿಗೆ ಹೇಗಿತ್ತು?

ಬಳ್ಳಾರಿ ಬಿಸಿಲಿಗೆ ಪಳಗಿದವಳಿಗೆ ಸ್ಪೇನ್‌ನ ಗಲಿಸಿಯಾ ಪ್ರಾಂತ್ಯದ ಜಿಟಿಜಿಟಿ ಮಳೆಯೇ ಮೊದಲ ಪರೀಕ್ಷೆ. ಕಾಮಿನೊ ಅಂದರೆ ಸಾಂತಿಯಾಗೊ ಊರಿನ ದೊಡ್ಡ ಚರ್ಚಿಗೆ ಹೋಗುವ ಹಳೇ ಯಾತ್ರೆಯ ಹಾದಿ. ಅದರಲ್ಲಿ ನಾನು ನಡೆದದ್ದು ಸಾರಿಯಾದಿಂದ ಕೊನೆಯ ಸುಮಾರು 115 ಕಿ.ಮೀ. ಮಾತ್ರ. 100 ಕಿ.ಮೀ. ನಡೆದರೆ ಯಾತ್ರೆಯ ಪ್ರಮಾಣಪತ್ರ ಸಿಗುತ್ತೆ. ಅದಕ್ಕೆ ಯಾತ್ರಿಕರ ಪುಸ್ತಕದಲ್ಲಿ ದಿನಕ್ಕೆರಡು ಮುದ್ರೆ ಬೇಕು. ಚರ್ಚೇ ಆಗಬೇಕಿಲ್ಲ, ಕಾಫಿ ಅಂಗಡಿಯಲ್ಲೂ ಹಾಕಿಕೊಡ್ತಾರೆ!

ದಾರಿ ಕೇಳುವ ಕೆಲಸವೇ ಇಲ್ಲ. ಗೋಡೆ, ಮರ, ಕಲ್ಲು, ಎಲ್ಲೆಲ್ಲೂ ಹಳದಿ ಬಾಣ. ಹೊಲದಂಚಿಗೆ ಕಂಬಗಳ ಮೇಲೆ ನಿಂತ ಪುಟ್ಟ ಕಲ್ಲಿನ ಕಣಜಗಳು. ಇಲಿ ಹತ್ತದ ಹಾಗೆ ಕಂಬದ ತಲೆಗೆ ಚಪ್ಪಟೆ ಕಲ್ಲು.

ನನಗೆ ತುಂಬಾ ಹಿಡಿಸಿದ್ದು ಪೋರ್ತೊಮರಿನ್. 1960ರ ದಶಕದಲ್ಲಿ ಹಳೇ ಊರು ಅಣೆಕಟ್ಟಿನ ನೀರಲ್ಲಿ ಮುಳುಗಿತು. ಅಲ್ಲಿನ ಚರ್ಚನ್ನು ಒಂದೊಂದೇ ಕಲ್ಲು ಬಿಚ್ಚಿ ಎತ್ತರದಲ್ಲಿ ಮತ್ತೆ ಕಟ್ಟಿದ್ದಾರೆ. ಹತ್ತಿರ ಹೋಗಿ ನೋಡಿ, ಕಲ್ಲುಗಳ ಮೇಲೆ ಬರೆದ ನಂಬರ್ ಇನ್ನೂ ಇದೆ. ತುಂಗಭದ್ರಾ ಡ್ಯಾಮಿಗೆ ಊರು ಬಿಟ್ಟ ಮನೆತನ ನಮ್ಮದು. ಅಲ್ಲಿಂದ ಬೇಗ ಏಳೋಕೆ ಮನಸ್ಸಾಗಲಿಲ್ಲ.

ಊಟಕ್ಕೆ ಕಡಿಮೆ ಅಂಕ. ಮೆಲಿದೆ ಊರು ಆಕ್ಟೋಪಸ್‌ಗೆ ಫೇಮಸ್, ನನಗೇನು ಉಪಯೋಗ? ಸೊಪ್ಪು, ಆಲೂಗಡ್ಡೆ ಸಾರಿನಲ್ಲೂ ಹಂದಿಮಾಂಸ ಇರುತ್ತೆ, ಕೇಳಿಯೇ ತಗೊಳ್ಳಿ. ಶೇಂಗಾ ಚಟ್ನಿಪುಡಿ ಬ್ರೆಡ್ಡಿಗೆ ಚೆನ್ನಾಗಿಯೇ ಹೊಂದುತ್ತೆ.

ಬ್ಯಾಗ್ ಸಾಗಿಸುವವರು ಒಮ್ಮೆ ನನ್ನ ಬ್ಯಾಗನ್ನು ಬೇರೆ ವಸತಿಗೆ ಹಾಕಿ ಹೋದರು. ಕತ್ತಲಾಗುವವರೆಗೆ ಒದ್ದೆ ಸಾಕ್ಸಲ್ಲೇ ಕೂತಿದ್ದೆ. ಔಷಧಿ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ.

ಜುಲೈ, ಆಗಸ್ಟ್ ಬೇಡ, ಜನ ಜಾಸ್ತಿ. ಮೇ ಅಥವಾ ಸೆಪ್ಟೆಂಬರ್ ನೋಡಿ.